ಘಟ್ಟದಲ್ಲಿ ಕುಂಟುವ ಕಾರು

ಉಜಿರೆ ದಾಟುವ ತನಕ ಕಾರು ಚೆನ್ನಾಗಿಯೇ ಇತ್ತು. ಜುಲೈ ತಿಂಗಳ ಮಳೆ, ವೈಪರಿಗೆ ಬಿಡುವಿಲ್ಲ. ಚಾರ್ಮಾಡಿ ಘಾಟಿಯ ಮೊದಲೆರಡು ತಿರುವು ಹತ್ತಿ, ಮೂರನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದ್ದೇ ತಡ, ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದಂತೆ ಒಂದು ಜರ್ಕ್. ಅದರ ಬೆನ್ನಿಗೇ ಇನ್ನೊಂದು. ಮೀಟರಿನ ಪಕ್ಕದಲ್ಲಿ ಹಳದಿ ಬಣ್ಣದ ಇಂಜಿನ್ ಚಿತ್ರ ಮಿಣುಕತೊಡಗಿತು. ಎರಡನೇ ಗೇರಿಗೆ ಇಳಿಸಿ, ಅಣ್ಣಪ್ಪ ಸ್ವಾಮಿ ಗುಡಿಯ ಎದುರು ಎಲ್ಲರಂತೆ ಒಮ್ಮೆ ಕೈಮುಗಿದು, ಲಾರಿಯೊಂದರ ಬೆನ್ನಿಗೆ ತೆವಳುತ್ತ ಕೊಟ್ಟಿಗೆಹಾರ ಮುಟ್ಟಿದೆ. ನೀರುದೋಸೆ ತಿಂದು ಬಂದು ಕೀಲಿ ತಿರುಗಿಸಿದರೆ ಆಸಾಮಿ ಏನೂ ನಡೆದೇ ಇಲ್ಲವೆಂಬಂತೆ ಸ್ಟಾರ್ಟ್ ಆಯಿತು. ಮೂಡಿಗೆರೆಯ ತನಕ ಒಂದು ಸೀನೂ ಇಲ್ಲ.

ಊರಿಗೆ ಮರಳಿ ಸರ್ವಿಸ್ ಸೆಂಟರಿಗೆ ಒಯ್ದೆ. ಹುಡುಗ ಸ್ಕ್ಯಾನರ್ ಚುಚ್ಚಿ ಎರಡು ನಿಮಿಷದಲ್ಲಿ ತೀರ್ಪು ಕೊಟ್ಟ: ‘ಎರಡನೇ ಸಿಲಿಂಡರಿನ ಕಾಯಿಲ್ ಹೋಗಿದೆ ಸಾರ್.’ ಹೊಸ ಕಾಯಿಲ್ ಬಂತು, ಮೂರು ಸಾವಿರ ಚಿಲ್ಲರೆ ಬಿಲ್ಲು ಬಂತು, ಹಳೆಯದನ್ನು ಹೊಸದರ ಡಬ್ಬಿಯಲ್ಲಿ ಹಾಕಿ ಕೈಗೆ ಕೊಟ್ಟರು. ಎರಡು ತಿಂಗಳು ನೆಮ್ಮದಿ. ಆಮೇಲೆ ಅದೇ ಘಾಟಿ, ಅದೇ ಮೂರನೇ ಗೇರು, ಅದೇ ಮಿಣುಕು.

ಅಷ್ಟೂ ದಿನ ಕಾಯಿಲ್ ಎಂದರೆ ಏನೆಂದು ನಾನು ತಲೆಕೆಡಿಸಿಕೊಂಡವನಲ್ಲ. ದುಡ್ಡು ಎರಡನೇ ಸಲ ಹೋಗುತ್ತದೆ ಎಂದಾಗ ಜ್ಞಾನದ ಹಸಿವು ತಾನಾಗಿಯೇ ಹುಟ್ಟುತ್ತದೆ.

ಪೆಟ್ರೋಲ್ ಇಂಜಿನ್ನಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣಕ್ಕೆ ಕಿಡಿ ಹಚ್ಚುವುದು ಸ್ಪಾರ್ಕ್ ಪ್ಲಗ್. ಅದರ ತುದಿಯ ಎರಡು ಲೋಹಗಳ ನಡುವೆ ಹೆಚ್ಚುಕಡಿಮೆ 1 ಮಿಲಿಮೀಟರ್ ಸಂದು. ಬ್ಯಾಟರಿಯ 12 ವೋಲ್ಟಿಗೆ ಆ ಸಂದನ್ನು ಜಿಗಿಯುವ ತಾಕತ್ತಿಲ್ಲ; ಕೂದಲೆಳೆಯಷ್ಟು ಸಂದಿದ್ದರೂ ಇಲ್ಲ. ಅದಕ್ಕೆ ಸಾವಿರಗಟ್ಟಲೆ ವೋಲ್ಟು ಬೇಕು. 12 ವೋಲ್ಟನ್ನು 30–40 ಸಾವಿರಕ್ಕೆ ಏರಿಸಿ ಕೊಡುವ ಸಾಮಾನು ಕಾಯಿಲ್.

ಇದು ಹೇಗೆ ಸಾಧ್ಯ ಎನ್ನುವುದನ್ನು ತೋಟಕ್ಕೆ ನೀರು ಬಿಡುವವರಿಗೆ ಬೇಗ ಹೇಳಬಹುದು. ಪಂಪ್‌ಸೆಟ್ ಓಡುತ್ತಿದೆ, ಉದ್ದದ ಪೈಪಿನಲ್ಲಿ ನೀರು ರಭಸದಿಂದ ಹೋಗುತ್ತಿದೆ. ಆಗ ಗೇಟ್‌ವಾಲ್ವನ್ನು ಫಕ್ಕನೆ ಮುಚ್ಚಿ ನೋಡಿ. ಪೈಪು ‘ಧಡ್’ ಎಂದು ಒದರಿಕೊಳ್ಳುತ್ತದೆ, ಜಾಯಿಂಟ್ ಬಿಟ್ಟರೂ ಬಿಟ್ಟೀತು. ಪಂಪು ಕೊಟ್ಟ ಒತ್ತಡ ಸಣ್ಣದು; ಓಡುವ ನೀರನ್ನು ತಡೆದಾಗ ಹುಟ್ಟುವ ಒತ್ತಡ ಅದರ ಹಲವು ಪಟ್ಟು. ಕಾಯಿಲಿನ ಆಟವೂ ಇದೇ. ದಪ್ಪ ತಂತಿಯ ನೂರಿನ್ನೂರು ಸುತ್ತುಗಳ ಪ್ರೈಮರಿಯಲ್ಲಿ 2–4 ಮಿಲಿಸೆಕೆಂಡು ಕರೆಂಟ್ ಹರಿಸುತ್ತಾರೆ. ಕಬ್ಬಿಣದ ತಿರುಳಿನಲ್ಲಿ ಆಯಸ್ಕಾಂತದ ಬಲ ತುಂಬುತ್ತದೆ. ತಟ್ಟನೆ ಕರೆಂಟ್ ಕಡಿಯುತ್ತಾರೆ. ಆ ಬಲ ಕುಸಿಯುವ ರಭಸಕ್ಕೆ ಪ್ರೈಮರಿಯಲ್ಲೇ 300–400 ವೋಲ್ಟು ಚಿಮ್ಮುತ್ತದೆ. ಅದರ ಪಕ್ಕದಲ್ಲಿ ಕೂದಲಿನಷ್ಟು ತೆಳು ತಂತಿಯನ್ನು ಹತ್ತಿಪ್ಪತ್ತು ಸಾವಿರ ಸಲ ಸುತ್ತಿದ ಸೆಕೆಂಡರಿಯಲ್ಲಿ ಅದು ಸುಮಾರು ನೂರು ಪಟ್ಟಾಗುತ್ತದೆ. ಕರೆಂಟ್ ಕೊಟ್ಟಾಗ ಬರುವ ಕಿಡಿಯಲ್ಲ ಇದು, ಕರೆಂಟ್ ಕಿತ್ತುಕೊಂಡಾಗ ಬರುವ ಕಿಡಿ.

1836ರಲ್ಲಿ ಐರ್ಲೆಂಡಿನ ಮೇನೂತ್ ಎಂಬ ಊರಿನ ಪಾದ್ರಿಗಳ ಕಾಲೇಜಿನಲ್ಲಿ ನಿಕೋಲಸ್ ಕ್ಯಾಲನ್ ಎಂಬ ಪಾದ್ರಿ ಇಂಥ ಸುರುಳಿಯನ್ನು ಸುತ್ತಿದ. ಶಾಕ್ ಎಷ್ಟು ಬಲವಾಗಿದೆ ಎಂದು ತಿಳಿಯಲು ಮೀಟರ್ ಇಲ್ಲದ ಕಾಲ. ಪಾಪ, ವಿದ್ಯಾರ್ಥಿಗಳ ಮೈಯೇ ಮೀಟರ್ ಆಗುತ್ತಿತ್ತಂತೆ. 1860ರಲ್ಲಿ ಲೆನ್ವಾ ಎಂಬ ಇಂಜಿನಿಯರ್ ತನ್ನ ಗ್ಯಾಸ್ ಇಂಜಿನ್ನಿಗೆ ಕಿಡಿ ಹಚ್ಚಲು ಇಂಥದೇ ಸುರುಳಿ ಬಳಸಿದ. ಕಾರಿನಲ್ಲಿ ಬ್ಯಾಟರಿ, ಪಾಯಿಂಟ್, ಕಂಡೆನ್ಸರ್, ಡಿಸ್ಟ್ರಿಬ್ಯೂಟರ್ ಎಂಬ ಜೋಡಣೆ ನೆಲೆನಿಂತದ್ದು 1910ರ ಸುಮಾರಿಗೆ, ಅಮೆರಿಕದ ಚಾರ್ಲ್ಸ್ ಕೆಟರಿಂಗ್‌ನ ಕೈಯಲ್ಲಿ. ನಮ್ಮ ಅಂಬಾಸಿಡರ್, ಪದ್ಮಿನಿಗಳು ಓಡಿದ್ದು ಅದೇ ವಿದ್ಯೆಯಲ್ಲಿ. ಎಣ್ಣೆ ತುಂಬಿದ ಡಬ್ಬಿಯಂಥ ಒಂದೇ ಕಾಯಿಲ್, ಅದರಿಂದ ನಾಲ್ಕು ಪ್ಲಗ್ಗಿಗೆ ಹಂಚಿಕೆ. ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆಯ ಪ್ಲಗ್ಗು ಆಗ ಮನೆಮಾತು. 2008ರಲ್ಲಿ ಕಂಪನಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಹಳೇ ಮೆಕ್ಯಾನಿಕ್ಕುಗಳ ಬಾಯಲ್ಲಿ ಇಂದಿಗೂ ಅದು ಮೈಕೊ ಪ್ಲಗ್ಗೇ.

ಆ ಕಾಲದಲ್ಲಿ ಕಾಯಿಲ್ ಹೋದರೆ ಗಾಡಿಯೇ ನಿಲ್ಲುತ್ತಿತ್ತು. ರೋಗನಿರ್ಣಯದ ಪ್ರಶ್ನೆಯೇ ಇಲ್ಲ. ಈಗ ಹಾಗಲ್ಲ. ಹೆಚ್ಚಿನ ಕಾರುಗಳಲ್ಲಿ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಹೆಬ್ಬೆರಳಿಗಿಂತ ತುಸು ದಪ್ಪನೆಯ ಒಂದೊಂದು ಕಾಯಿಲ್ ಕೂತಿರುತ್ತದೆ. ನನ್ನ ಕಾರಿನ ಮೂರರಲ್ಲಿ ಒಂದು ಹೋದರೆ ಉಳಿದೆರಡು ಎಳೆಯುತ್ತವೆ, ಗಾಡಿ ಕುಂಟುತ್ತದೆ. ಮೆಕ್ಯಾನಿಕ್ಕುಗಳು ಇದನ್ನು ‘ಮಿಸ್ಸಿಂಗ್’ ಎನ್ನುತ್ತಾರೆ. ಈಚೆಗೆ ಎಷ್ಟೋ ಸಣ್ಣ ಕಾರುಗಳಲ್ಲಿ ಮೂರೇ ಸಿಲಿಂಡರ್ ಆದ್ದರಿಂದ ಮಿಸ್ಸಿಂಗಿನ ನಡುಕ ಸ್ಟಿಯರಿಂಗ್ ಹಿಡಿದ ಮೊಣಕೈ ತನಕ ಬರುತ್ತದೆ. ಡೀಸೆಲ್ ಗಾಡಿಯ ಯಜಮಾನರು ಇಲ್ಲಿಗೇ ಓದು ನಿಲ್ಲಿಸಬಹುದು. ಅವರ ಇಂಜಿನ್ನು ಬರಿಯ ಒತ್ತಡದ ಕಾವಿಗೇ ಹೊತ್ತಿಕೊಳ್ಳುತ್ತದೆ. ಸ್ಪಾರ್ಕ್ ಪ್ಲಗ್ಗೂ ಇಲ್ಲ, ಕಾಯಿಲ್ಲೂ ಇಲ್ಲ.

ಎರಡನೇ ಸಲ ಕೈಕೊಟ್ಟಾಗ ಊರಿಗೆ ಹಿಂದಿರುಗುವ ತಾಳ್ಮೆ ಇರಲಿಲ್ಲ. ಘಾಟಿ ಮುಗಿದ ಮೇಲೆ ಮೂಡಿಗೆರೆ ದಾರಿಯಲ್ಲಿ ತಗಡಿನ ಮಾಡಿನ ಗ್ಯಾರೇಜೊಂದು ಕಂಡಿತು. ಎದುರಿಗೆ ಕಾಫಿ ತೋಟದ ಹಳೇ ಜೀಪೊಂದು ಬಾನೆಟ್ ತೆರೆದು ನಿಂತಿತ್ತು. ಅರುವತ್ತು ದಾಟಿದ ಮೆಕ್ಯಾನಿಕ್ಕು. ನಾನು ಕಾಯಿಲ್ ಪುರಾಣ ಹೇಳತೊಡಗಿದರೆ ಅವರು ಕೈ ಅಡ್ಡ ಹಿಡಿದು, ‘ಏನಾಯ್ತು ಅಂತ ಆಮೇಲೆ ಹೇಳಿ. ಯಾವಾಗ ಆಗುತ್ತೆ ಹೇಳಿ’ ಅಂದರು.

‘ಘಾಟಿ ಹತ್ತುವಾಗ. ಮೂರನೇ ಗೇರಲ್ಲಿ. ಎರಡು ಸಲವೂ ಮಳೆ.’

‘ನಿಂತಲ್ಲಿ ಐಡಲಿಂಗಲ್ಲಿ?’

‘ಅಲ್ಲಿ ಏನೂ ಇಲ್ಲ.’

ಅವರು ತಲೆಯಾಡಿಸಿದ ರೀತಿ ನೋಡಿದರೆ ಅರ್ಧ ಕೆಲಸ ಮುಗಿದಂತಿತ್ತು. ಆ ಪ್ರಶ್ನೆಯ ಹಿಂದಿನ ಭೌತಶಾಸ್ತ್ರ ನನಗೆ ಹೊಳೆದದ್ದು ಆಮೇಲೆ. 1889ರಲ್ಲಿ ಫ್ರೀಡ್ರಿಶ್ ಪಾಷೆನ್ ಎಂಬ ಜರ್ಮನ್ ವಿಜ್ಞಾನಿ, ಎರಡು ಲೋಹಗಳ ನಡುವೆ ಕಿಡಿ ಹಾರಲು ಎಷ್ಟು ವೋಲ್ಟು ಬೇಕು ಎಂಬುದು ಸಂದಿನ ಅಗಲ ಮತ್ತು ನಡುವಿನ ಗಾಳಿಯ ಒತ್ತಡ ಎರಡನ್ನೂ ಅವಲಂಬಿಸಿದೆ ಎಂದು ತೋರಿಸಿದ. ಪ್ಲಗ್ಗಿನ ಲೆಕ್ಕದಲ್ಲಿ ಹೇಳುವುದಾದರೆ ಸಂದು ಅಗಲವಾದಷ್ಟೂ, ಒತ್ತಡ ಏರಿದಷ್ಟೂ ವೋಲ್ಟು ಹೆಚ್ಚು ಬೇಕು. ಬಯಲಿನಲ್ಲಿ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ ಹೋಗುವಾಗ ಸಿಲಿಂಡರಿನೊಳಗೆ ಹೋಗುವ ಗಾಳಿಯೇ ಕಡಿಮೆ. ಅದನ್ನು ಅದುಮಿದಾಗ ಬರುವ ಒತ್ತಡವೂ ಕಡಿಮೆ. ಸೊರಗಿದ ಕಿಡಿಯೂ ಅಲ್ಲಿ ನಿಭಾಯಿಸುತ್ತದೆ. ಘಾಟಿಯಲ್ಲಿ ದೊಡ್ಡ ಗೇರಿನಲ್ಲಿ ಪೂರ್ತಿ ಒತ್ತಿದಾಗ ಸಿಲಿಂಡರ್ ತುಂಬ ಗಾಳಿ. ಆಗ ಕಾಯಿಲ್ ಇನ್ನಷ್ಟು ವೋಲ್ಟು ಏರಿಸಬೇಕು. ಏರಿಸುತ್ತದೆ ಕೂಡ. ಆದರೆ ನೀರು ತಗ್ಗು ಹುಡುಕುವ ಹಾಗೆ ವಿದ್ಯುತ್ತು ಸುಲಭದ ದಾರಿ ಹುಡುಕುತ್ತದೆ. ಪ್ಲಗ್ಗಿನ ಸಂದಿಗಿಂತ ಸಲೀಸಾದ ಬಿರುಕೊಂದು ಹೊರಗೆ ಸಿಕ್ಕಿದರೆ ಅಲ್ಲಿಂದಲೇ ಇಂಜಿನ್ನಿನ ಲೋಹಕ್ಕೆ ಹಾರಿಬಿಡುತ್ತದೆ. ಕಿಡಿ ಹುಟ್ಟಿದ್ದು ನಿಜ, ಒಳಗೆ ಹೋಗಲಿಲ್ಲ ಅಷ್ಟೇ.

ಹೀಗಾಗಿ ನಿಂತ ಗಾಡಿಯಲ್ಲಿ ಬಾನೆಟ್ ತೆರೆದು ‘ಎಲ್ಲ ಸರಿ ಇದೆಯಲ್ಲ’ ಅನ್ನುವುದಕ್ಕೆ ಬೆಲೆಯಿಲ್ಲ. ರೋಗ ಇರುವುದು ಏರಿನಲ್ಲಿ. ಸಿಎನ್‌ಜಿ ಹಾಕಿಸಿದ ಗಾಡಿಗಳವರು ಇದನ್ನು ಬೇರೆ ಥರ ಕಂಡಿರುತ್ತಾರೆ: ಪೆಟ್ರೋಲಿನಲ್ಲಿ ಸಲೀಸು, ಗ್ಯಾಸಿಗೆ ಬದಲಾಯಿಸಿದ ಕೂಡಲೇ ಜರ್ಕ್. ಗ್ಯಾಸ್ ಕಿಟ್ಟಿಗೆ ಬೈಯುತ್ತಾರೆ. ಆದರೆ ಗ್ಯಾಸಿಗೆ ಕಿಡಿ ಹಚ್ಚಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟು ಬೇಕಾಗುವುದರಿಂದ ಸವೆದ ಪ್ಲಗ್ಗಿನ, ಬಳಲಿದ ಕಾಯಿಲಿನ ಬಣ್ಣ ಅಲ್ಲಿ ಮೊದಲು ಬಯಲಾಗುತ್ತದೆ.

ಮೆಕ್ಯಾನಿಕ್ಕಿನ ಬಳಿ ಸ್ಕ್ಯಾನರ್ ಇತ್ತು, ಮಗ ತರಿಸಿಕೊಟ್ಟದ್ದಂತೆ. ಸ್ಟಿಯರಿಂಗಿನ ಕೆಳಗಿರುವ 16 ಪಿನ್ನಿನ ಕಂಡಿಗೆ ಅದನ್ನು ಸಿಕ್ಕಿಸಿದರು. ಪಿ 0302 ಎಂಬ ಕೋಡ್ ಬಂತು. ಕೊನೆಯ ಅಂಕಿ ಸಿಲಿಂಡರಿನದು: 0301 ಎಂದರೆ ಒಂದನೆಯದು, 0302 ಎಂದರೆ ಎರಡನೆಯದು. 0300 ಎಂದರೆ ಒಂದೆಡೆ ನಿಲ್ಲದೆ ಅಲ್ಲಲ್ಲಿ ಆಗುತ್ತಿದೆ ಎಂದು. ಸರ್ವಿಸ್ ಸೆಂಟರಿನ ಹುಡುಗ ಓದಿದ್ದೂ ಇದನ್ನೇ. ಓದಿದ್ದು ಸರಿ, ಅರ್ಥ ಮಾಡಿಕೊಂಡದ್ದು ತಪ್ಪು.

ಕಾರಿನ ಕಂಪ್ಯೂಟರಿಗೆ ಕಿಡಿ ಕಾಣಿಸುವುದಿಲ್ಲ. ಅದು ನೋಡುವುದು ಕ್ರ್ಯಾಂಕ್ ಶಾಫ್ಟಿಗೆ ಕೂಡಿಸಿದ ಹಲ್ಲಿನ ಚಕ್ರವನ್ನು. ಪ್ರತಿ ಸಿಲಿಂಡರ್ ಉರಿದಾಗಲೂ ಚಕ್ರಕ್ಕೊಂದು ದೂಡಿಕೆ ಸಿಗುತ್ತದೆ. ಎರಡನೆಯದರ ಸರದಿಯಲ್ಲಿ ಆ ದೂಡಿಕೆ ಬರಲಿಲ್ಲ, ಚಕ್ರ ಒಂದಿಷ್ಟು ನಿಧಾನವಾಯಿತು ಎಂದಾಗ 0302 ಎಂದು ಬರೆದಿಡುತ್ತದೆ. ನಮ್ಮ ಹೊಂಡದ ರಸ್ತೆಗಳಲ್ಲಿ ಚಕ್ರ ಎತ್ತಿಹಾಕಿದಾಗಲೂ ಇಂಥದೇ ಏರುಪೇರು ಬರುವುದರಿಂದ ಎಷ್ಟೋ ಕಾರುಗಳಲ್ಲಿ ರಸ್ತೆ ಕೆಟ್ಟದ್ದೋ ಇಂಜಿನ್ ಕೆಟ್ಟದ್ದೋ ಎಂದು ತೂಗಿ ನೋಡುವ ಲೆಕ್ಕವೂ ಒಳಗಿದೆ. ಇರಲಿ. 0302 ಹೇಳುವುದು ‘ಎರಡನೆಯವನು ಇವತ್ತು ಕೆಲಸ ಮಾಡಲಿಲ್ಲ’ ಎಂದಷ್ಟೇ. ಜ್ವರವೋ, ಸೋಮಾರಿತನವೋ, ಊಟ ಸಿಗಲಿಲ್ಲವೋ ಅದು ಹೇಳದು. ಕಾಯಿಲ್ ಆಗಬಹುದು, ಪ್ಲಗ್ ಆಗಬಹುದು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಆಗಬಹುದು, ವಾಲ್ವ್ ಸೋರಿ ಕಂಪ್ರೆಶನ್ ಇಳಿದಿರಬಹುದು. ಕಾಯಿಲಿನ ಮೇಲೆ, ಅದರ ವೈರಿಂಗಿನ ಮೇಲೆ ನೇರವಾಗಿ ಬೆರಳು ತೋರಿಸುವ ಕೋಡ್ ಬೇರೆಯೇ ಇದೆ. ಪಿ 0350ರಿಂದ ಆ ಸಾಲು ಶುರು. ಅದು ನನ್ನ ಕಾರಿನಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಹಳದಿ ದೀಪದ ಮಾತೂ ಇಲ್ಲೇ ಹೇಳಿಬಿಡಬೇಕು. ಅದು ಸುಮ್ಮನೆ ಉರಿಯುತ್ತಿದ್ದರೆ ವಾರದೊಳಗೆ ತೋರಿಸಿದರೂ ನಡೆದೀತು. ಮಿಣುಕುತ್ತಿದ್ದರೆ ಕಾಲು ತೆಗೆಯಿರಿ. ಉರಿಯದ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದರ್ಥ. ಜೇನುಗೂಡಿನಂಥ ಅದರ ಒಡಲಿಗೆ ಬಳಿದಿರುವುದು ಪ್ಲಾಟಿನಂ, ಪಲೇಡಿಯಂ, ರೋಡಿಯಂನಂಥ ಲೋಹ. ಆ ಒಡಲು ಕರಗಿ ಕಟ್ಟಿಕೊಂಡರೆ ಕಾಯಿಲಿನ ಬೆಲೆ ನೆನೆದು ನಗು ಬರುತ್ತದೆ. ನಾನು ಮೊದಲ ಸಲ ಮಿಣುಕಿದ ದೀಪವನ್ನು ನೋಡುತ್ತ ಮೂರು ತಿರುವು ಹತ್ತಿದ್ದೆ ಎಂದಾಗ ಮೆಕ್ಯಾನಿಕ್ಕು ಏನೂ ಹೇಳಲಿಲ್ಲ, ಬರೀ ನೋಡಿದರು.

ಆಮೇಲೆ ಅವರು ಮಾಡಿದ್ದು ಕಾಸಿನ ಖರ್ಚಿಲ್ಲದ ಪರೀಕ್ಷೆ. ಒಂದು ಮತ್ತು ಎರಡನೇ ಸಿಲಿಂಡರಿನ ಕಾಯಿಲ್‌ಗಳನ್ನು ಅದಲುಬದಲು ಮಾಡಿ, ಕೋಡ್ ಅಳಿಸಿ, ‘ಬನ್ನಿ ಹೋಗೋಣ’ ಎಂದು ಪಕ್ಕದಲ್ಲಿ ಕೂತರು. ತಪ್ಪು ಕಾಯಿಲಿನದಾದರೆ ಅದು ಹೋದಲ್ಲಿಗೆ ಕೋಡೂ ಹೋಗಬೇಕು, 0302 ಇದ್ದದ್ದು 0301 ಆಗಬೇಕು. ಹೋಗದಿದ್ದರೆ ಕಾಯಿಲ್ ನಿರಪರಾಧಿ. ಘಾಟಿಯ ಮೇಲ್ಭಾಗದ ಮಲಯ ಮಾರುತ ಎಂಬ ಜಾಗದಿಂದ ಕೆಳಗಿನ ತಿರುವುಗಳ ತನಕ ಇಳಿದು, ಮೂರನೇ ಗೇರಿನಲ್ಲಿ ಒತ್ತಿಕೊಂಡು ಮೇಲೆ ಬಂದೆವು. ದೀಪ ಮಿಣುಕಿತು. ಸ್ಕ್ಯಾನರಿನಲ್ಲಿ 0302 ಇದೆ, ಅದರ ಜೊತೆಗೆ 0301 ಕೂಡ ಬಂದಿದೆ! ಪುಸ್ತಕದಲ್ಲಿ ಇಂಥ ಉತ್ತರ ಇರುವುದಿಲ್ಲ. ಅವರಿಗೆ ಮಾತ್ರ ಖುಷಿಯೋ ಖುಷಿ. ‘ರೋಗ ಅಂಟಿದೆ’ ಎಂದರು.

ನಾನು ಮಲ್ಟಿಮೀಟರ್ ಇಡಲು ಹೇಳಿದೆ, ಎಲ್ಲೋ ಓದಿದ್ದೆ. ಅವರು ಇಟ್ಟರು, ಆದರೆ ನನ್ನ ಸಮಾಧಾನಕ್ಕೆ. ಹಳೇ ಡಬ್ಬಿ ಕಾಯಿಲ್‌ಗಳಲ್ಲಿ ಪ್ರೈಮರಿಯಲ್ಲಿ ಒಂದೆರಡು ಓಮ್, ಸೆಕೆಂಡರಿಯಲ್ಲಿ ಕೆಲವು ಸಾವಿರ ಓಮ್ ತೋರಿಸಿದರೆ ತಂತಿ ತುಂಡಾಗಿಲ್ಲ ಎಂದು ಹೇಳಬಹುದಿತ್ತು. ಈಗಿನ ಎಷ್ಟೋ ಕಾಯಿಲ್‌ಗಳ ಒಳಗೆ ಟ್ರಾನ್ಸಿಸ್ಟರು, ಡಯೋಡು ಸೇರಿಕೊಂಡಿರುವುದರಿಂದ ಮೀಟರಿಗೆ ಒಳಹೊಕ್ಕಲು ಹಾದಿಯೇ ಇಲ್ಲ. ಅದೂ ಅಲ್ಲದೆ ಮೀಟರ್ ಅಳೆಯುವುದು ಅದರ ಪುಟ್ಟ ಬ್ಯಾಟರಿಯ ವೋಲ್ಟಿನಲ್ಲಿ, ತಣ್ಣಗಿರುವಾಗ. ಕಾಯಿಲ್ ಸೋಲುವುದು 30 ಸಾವಿರ ವೋಲ್ಟಿನಲ್ಲಿ, ಇಂಜಿನ್ನು ಕಾದು ಕೆಂಡವಾದಾಗ, ಒಳಗಿನ ಎಪಾಕ್ಸಿಯ ಬಿರುಕು ಬಾಯ್ಬಿಟ್ಟಾಗ. ಮೀಟರ್ ‘ಸತ್ತಿದೆ’ ಎಂದರೆ ನಂಬಬಹುದು. ‘ಸರಿ ಇದೆ’ ಎಂದರೆ ನಂಬುವಂತಿಲ್ಲ.

ಹಿಂದಿನವರು ಇಂಜಿನ್ ಓಡುತ್ತಿರುವಾಗಲೇ ಪ್ಲಗ್ ವೈರ್ ಕಿತ್ತು ಇಂಜಿನ್ನಿನ ಲೋಹಕ್ಕೆ ಹಿಡಿದು ‘ಕರೆಂಟ್ ನೋಡುತ್ತಿದ್ದರು’. ನೀಲಿ ಕಿಡಿ ಚಟಚಟ ಎಂದರೆ ಗಟ್ಟಿ, ಕೆಂಪಗೆ ಮಂಕಾಗಿದ್ದರೆ ಬಡವ. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ವೈರುಗಳ ಮೇಲೆ ನೀರು ಚಿಮುಕಿಸಿದರೆ ಸೋರುವ ಕಡೆ ನೀಲಿ ಹುಳುಗಳು ಹರಿದಾಡಿದಂತೆ ಕಾಣುತ್ತಿತ್ತು. ನೋಡಲು ಚಂದವೇ. ಈಗಿನ ಕಾಯಿಲ್ಲಿಗೆ ಇದನ್ನು ಮಾಡಬೇಡಿ. ಕಿಡಿಗೆ ಹೋಗಲು ದಾರಿ ಕೊಡದೆ ತೆರೆದಿಟ್ಟರೆ ಆ ವೋಲ್ಟು ಕಾಯಿಲಿನ ಒಳಗೇ ದಾರಿ ಕೊರೆದುಕೊಳ್ಳುತ್ತದೆ. ಟ್ರಾನ್ಸಿಸ್ಟರು ಸುಡಬಹುದು, ನಿಮ್ಮ ಕೈಯೂ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಹತ್ತಿರವೇ ಹೋಗಬಾರದು. ಯಾವ ಸಿಲಿಂಡರ್ ಕುಂಟುತ್ತಿದೆ ಎಂದು ನೋಡಬೇಕಿದ್ದರೆ ಕಾಯಿಲಿನ ಸಣ್ಣ ಪ್ಲಾಸ್ಟಿಕ್ ಕನೆಕ್ಟರನ್ನು ಒಂದೊಂದಾಗಿ, ಕೆಲವೇ ಸೆಕೆಂಡು ಬಿಚ್ಚಿದರೆ ಸಾಕು. ಬಿಚ್ಚಿದಾಗ ಇಂಜಿನ್ ಇನ್ನಷ್ಟು ನಡುಗಿದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಬಿಚ್ಚಿದರೂ ಇಂಜಿನ್ ಅಲುಗದಿದ್ದರೆ ಅವನೇ ಕಳ್ಳ.

ಆ ಕನೆಕ್ಟರಿನಲ್ಲಿ 12 ವೋಲ್ಟು ಬರುತ್ತಿದೆಯೇ, ಅರ್ತ್ ಗಟ್ಟಿ ಇದೆಯೇ ಎಂಬುದನ್ನೂ ಅವರು ನೋಡಿದರು. ಇಲಿಯ ಹಲ್ಲಿನ ಗುರುತು ಹುಡುಕಿದರು. ತೋಟದ ಮನೆಗಳಲ್ಲಿ ನಿಲ್ಲಿಸಿದ ಕಾರುಗಳಲ್ಲಿ ‘ಕಾಯಿಲ್ ಹೋಗಿದೆ’ ಎಂದು ಬಂದವುಗಳ ಪೈಕಿ ಎಷ್ಟೋ ಸಲ ಹೋಗಿರುವುದು ಬೆರಳುದ್ದದ ವೈರು ಮಾತ್ರ ಎಂಬುದು ಅವರ ಅನುಭವ. ನನ್ನಲ್ಲಿ ಇಲಿ ಇರಲಿಲ್ಲ.

ಕೊನೆಗೆ ಎರಡನೇ ಸಿಲಿಂಡರಿನ ಪ್ಲಗ್ ಬಿಚ್ಚಿದರು. ಪ್ಲಗ್ ಕೂತಿರುವ ಬಾವಿಯಂಥ ಕುಳಿಯೊಳಗೆ ಟಾರ್ಚು ಬಿಟ್ಟು, ‘ನೋಡಿ’ ಅಂದರು. ತಳದಲ್ಲಿ ಎಣ್ಣೆ ಮಿನುಗುತ್ತಿತ್ತು. ಮೇಲಿನ ವಾಲ್ವ್ ಕವರಿನ ರಬ್ಬರ್ ಸೀಲ್ ಗಡುಸಾಗಿ ಹನಿಹನಿ ಇಳಿದದ್ದು. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ತುದಿಯಿಂದ ಬುಡಕ್ಕೆ ಪೆನ್ಸಿಲಿನಲ್ಲಿ ಎಳೆದಂಥ ತೆಳ್ಳನೆಯ ಕಪ್ಪು ಗೆರೆ. ಕಿಡಿ ಒಳಗೆ ಹೋಗದೆ ಹೊರಮೈ ಮೇಲೆ ಓಡಾಡಿ ಬರೆದ ಗೆರೆ ಅದು. ಒಮ್ಮೆ ಸುಟ್ಟು ಇಂಗಾಲವಾದ ದಾರಿ ವಿದ್ಯುತ್ತಿಗೆ ರಾಜಮಾರ್ಗ. ಮುಂದಿನ ಕಿಡಿಯೂ ಅಲ್ಲೇ. ಕಾಯಿಲಿನಿಂದ ಪ್ಲಗ್ಗಿನ ತನಕ ಇಳಿದುಬರುವ ರಬ್ಬರ್ ಕೊಳವೆಯನ್ನು ಬೂಟ್ ಅನ್ನುತ್ತಾರೆ. ಅದರ ಒಳಮೈಯಲ್ಲೂ ಅದೇ ಗೆರೆಯ ಪಡಿಯಚ್ಚು. ಹಳೇ ಪ್ಲಗ್ಗಿನ ಮೇಲೆ ಹೊಸ ಕಾಯಿಲ್ ಕೂರಿಸಿದ್ದರಿಂದ ಗೆರೆ ಹೊಸ ಬೂಟಿಗೂ ಹತ್ತಿತ್ತು. ಆ ಬೂಟನ್ನು ಒಂದನೇ ಸಿಲಿಂಡರಿಗೆ ಒಯ್ದಾಗ ಅಲ್ಲೂ ಕಿಡಿ ಹಾದಿ ತಪ್ಪಿತ್ತು. ಅಂಟುರೋಗವೆಂದರೆ ಇದೇ.

ಪ್ಲಗ್ಗಿನ ಸಂದಿಗೆ ಫೀಲರ್ ಗೇಜಿನ ಎಲೆ ತೂರಿಸಿದರು. ಇರಬೇಕಾದದ್ದು 1 ಮಿಲಿಮೀಟರ್, ಇದ್ದದ್ದು 1.4. ಕಾರು ಓಡಿದ್ದು 70 ಸಾವಿರ ಕಿಲೋಮೀಟರ್; ಪ್ಲಗ್ಗಿಗೆ ಯಾರೂ ಕೈಹಾಕಿರಲಿಲ್ಲ. ಆ ರಾತ್ರಿ ನಾನೊಂದು ಲೆಕ್ಕ ಹಾಕಿದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಇಂಜಿನ್ನು ನಿಮಿಷಕ್ಕೆ 2500 ಸುತ್ತು ತಿರುಗಿದರೆ, ಎರಡು ಸುತ್ತಿಗೊಂದು ಕಿಡಿಯಂತೆ, ಒಂದು ಕಿಲೋಮೀಟರಿಗೆ ಒಂದು ಪ್ಲಗ್ಗು 1500 ಸಲ ಕಿಡಿ ಕಾರುತ್ತದೆ. 70 ಸಾವಿರ ಕಿಲೋಮೀಟರಿಗೆ ಹತ್ತೂವರೆ ಕೋಟಿ ಸಲ. ಪ್ರತಿ ಸಲವೂ ಲೋಹದ ಒಂದು ಕಣ ಹಾರಿಹೋಗುತ್ತದೆ, ಸಂದು ಅಗಲವಾಗುತ್ತದೆ, ಕಾಯಿಲ್ ಇನ್ನೊಂದಿಷ್ಟು ವೋಲ್ಟು ಏರಿಸಬೇಕಾಗುತ್ತದೆ. ಇರಿಡಿಯಂ ಪ್ಲಗ್ಗಾದರೆ ಲಕ್ಷ ಕಿಲೋಮೀಟರ್ ತಡೆದೀತು. ನನ್ನದು ಸಾದಾ ಜಾತಿಯದು, 40 ಸಾವಿರಕ್ಕೇ ತೆಗೆಯಬೇಕಿತ್ತು. ಎಣ್ಣೆ, ಮಳೆಗಾಲದ ತೇವ, ಜೊತೆಗೆ ಹಬ್ಬಕ್ಕೆಂದು ಇಂಜಿನ್ನಿನ ಮೇಲೆ ಪ್ರೆಶರ್ ನೀರು ಹೊಡೆಸಿದ್ದು ನಾನೇ. ಇಷ್ಟೆಲ್ಲ ಸೇರಿ ಕಿಡಿಯನ್ನು ಹೊರದಾರಿಗೆ ತಳ್ಳಿದ್ದವು. ಕಾಯಿಲ್ ನಿಜಕ್ಕೂ ಸಾಯುವುದುಂಟು, ಅದೂ ಅಗ್ಗದ ನಕಲಿ ಮಾಲಾದರೆ ಬೇಗ. ಆದರೆ ಸತ್ತ ಕಾಯಿಲಿನ ಬುಡದಲ್ಲಿ ಪ್ಲಗ್ಗನ್ನು ಮುಟ್ಟದೆ ಬಿಟ್ಟರೆ ಹೊಸದಕ್ಕೂ ಅದೇ ಗತಿ.

ಗ್ಯಾರೇಜಿನ ಹುಡುಗ ಬೈಕಿನಲ್ಲಿ ಮೂಡಿಗೆರೆಗೆ ಹೋಗಿ ಮೂರು ಪ್ಲಗ್, ಸೀಲ್, ಬೂಟುಗಳನ್ನು ತಂದ. ಪ್ಲಗ್ ಮೂರನ್ನೂ ಒಟ್ಟಿಗೇ ಬದಲಿಸಬೇಕು, ಕಾಯಿಲ್ ಹಾಗಲ್ಲ, ಕೆಟ್ಟದ್ದನ್ನು ಮಾತ್ರ ಎಂದರು ಮೆಕ್ಯಾನಿಕ್ಕು. ಕುಳಿಯ ಎಣ್ಣೆಯನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿ, ಬೂಟಿನ ಬಾಯಿಗೆ ಒಂದಿಷ್ಟು ಸಿಲಿಕೋನ್ ಗ್ರೀಸ್ ಹಚ್ಚಿದರು. ಅಷ್ಟರಲ್ಲಿ ನನಗೆ ಡಿಕ್ಕಿಯಲ್ಲಿದ್ದ ಡಬ್ಬಿ ನೆನಪಾಗಿ, ಸತ್ತಿದೆ ಎಂದು ಕೊಟ್ಟಿದ್ದ ಮೊದಲ ಕಾಯಿಲನ್ನು ತಂದು ತೋರಿಸಿದೆ. ಅವರು ಅದರ ಬೂಟ್ ಎಳೆದು ಬಿಸಾಕಿ, ಹೊಸ ಬೂಟ್ ತೊಡಿಸಿ, ಹುಟ್ಟಿದ ಜಾಗದಲ್ಲೇ, ಎರಡನೇ ಸಿಲಿಂಡರಿನಲ್ಲಿ ಕೂರಿಸಿದರು. ಮೂರು ಸಾವಿರದ ಹೊಸ ಕಾಯಿಲ್ ಹೊರಗೆ ಉಳಿಯಿತು.

ಮತ್ತೆ ಘಾಟಿಗೆ ಹೋದೆವು. ಮಳೆ ಜೋರಾಗಿತ್ತು. ಮೂರನೇ ಗೇರು, ಪೂರ್ತಿ ಆಕ್ಸಿಲರೇಟರ್, ಎದುರಿನಿಂದ ಬಂದ ಬಸ್ಸಿಗೆ ದಾರಿ ಬಿಟ್ಟು ಮತ್ತೆ ಪೂರ್ತಿ. ಅವರು ದೀಪವನ್ನು ನೋಡಲೂ ಇಲ್ಲ, ಕಿಟಕಿಯ ಗಾಜು ಇಳಿಸಿ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದರು, ಸೀಟು ನೆನೆಯಿತು. ಮೇಲೆ ಬಂದ ಮೇಲೆ, ಉಳಿದ ಹೊಸ ಕಾಯಿಲನ್ನು ಏನು ಮಾಡಲಿ ಎಂದು ಕೇಳಿದೆ.

‘ಇಟ್ಕೊಳ್ಳಿ,’ ಅಂದರು, ‘ಸರ್ವಿಸ್ ಸೆಂಟರಿಗೆ ಹೋದಾಗ ತೋರಿಸ್ಬೇಡಿ. ಮತ್ತೆ ಹಾಕಿಬಿಡ್ತಾರೆ.’